ಕಣ್ಣು ಸರಿಯಿದೆ, ಆದರೂ ಮಗು ನೋಡುತ್ತಿಲ್ಲ

ಮಗುವಿಗೆ ಮೂರು ತಿಂಗಳು ತುಂಬಿದೆ. ಹಾಲು ಕುಡಿಯುತ್ತದೆ, ತೂಕವೂ ಏರುತ್ತಿದೆ. ಆದರೆ ಅಮ್ಮಿಯ ಮುಖ ನೋಡಿ ನಗುವುದಿಲ್ಲ. ಕರೆದರೆ ಕೈಕಾಲು ಆಡಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತದೆ, ಕಣ್ಣು ಮಾತ್ರ ಬಲ್ಬಿನ ಮೇಲೋ ಕಿಟಕಿಯ ಬೆಳಕಿನ ಮೇಲೋ ನೆಟ್ಟಿರುತ್ತದೆ. ಮನೆಯವರು ಕಣ್ಣಿನ ಡಾಕ್ಟರಿಗೆ ತೋರಿಸುತ್ತಾರೆ. ಅವರು ಪರೀಕ್ಷಿಸಿ “ಕಣ್ಣು ಚೆನ್ನಾಗಿದೆ” ಎನ್ನುತ್ತಾರೆ. ಎಲ್ಲರಿಗೂ ಸಮಾಧಾನವಾಗುತ್ತದೆ. “ಕೆಲವು ಮಕ್ಕಳು ತಡ, ತಾನಾಗಿ ಸರಿಹೋಗುತ್ತದೆ” ಎಂದು ನಾನಿ ಹೇಳುತ್ತಾರೆ. ನೆರೆಮನೆಯವರು ನಜರ್ ಆಗಿದೆ ಎನ್ನುತ್ತಾರೆ. ಹೀಗೆ ನೋಡನೋಡುತ್ತ ಒಂದು ವರ್ಷ ಕಳೆದುಹೋಗುತ್ತದೆ.

ಡಾಕ್ಟರು ಹೇಳಿದ್ದು ಸುಳ್ಳಲ್ಲ. ಕಣ್ಣು ನಿಜವಾಗಿಯೂ ಚೆನ್ನಾಗಿರಬಹುದು. ಆದರೆ ನೋಡುವುದು ಕಣ್ಣಿನಲ್ಲಿ ಶುರುವಾಗಿ ಮಿದುಳಿನಲ್ಲಿ ಮುಗಿಯುವ ಕೆಲಸ. ಹುಟ್ಟುವ ಹೊತ್ತಿನಲ್ಲಿ ಅಥವಾ ಹುಟ್ಟಿದ ಮೊದಲ ದಿನಗಳಲ್ಲಿ ಮಿದುಳಿಗೆ ಪೆಟ್ಟು ಬಿದ್ದಿದ್ದರೆ ಆ ಕೆಲಸ ನಡುದಾರಿಯಲ್ಲೇ ನಿಂತುಬಿಡುತ್ತದೆ. ಇದಕ್ಕೆ ಮಿದುಳು ಮೂಲದ ದೃಷ್ಟಿದೋಷ ಎನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಸಾಮಾನ್ಯವಾಗಿ ಸಿ.ವಿ.ಐ. ಎಂದು ಬರೆದಿರುತ್ತದೆ. ಮುಂದುವರಿದ ದೇಶಗಳಲ್ಲಿ ಮಕ್ಕಳ ದೃಷ್ಟಿದೋಷಕ್ಕೆ ಇಂದು ಇದೇ ಮುಖ್ಯ ಕಾರಣ. ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳಿಗೂ ಇಂಥ ಮಕ್ಕಳು ಹೆಚ್ಚು ಹೆಚ್ಚಾಗಿ ಬರುತ್ತಿದ್ದಾರೆ. ಮೊದಲು ಬದುಕಿ ಉಳಿಯದಿದ್ದ ಕೂಸುಗಳು ಈಗ ಶಿಶು ವಾರ್ಡುಗಳ ಆರೈಕೆಯಿಂದ ಬದುಕುತ್ತಿರುವುದು ಇದಕ್ಕೆ ಒಂದು ಕಾರಣ.

ನೋಡುವುದು ತಲೆಯ ಹಿಂಭಾಗ

ಮಗುವನ್ನು ಅಂಗಾತ ಮಲಗಿಸಿದಾಗ ತಲೆಯ ಯಾವ ಭಾಗ ದಿಂಬಿಗೆ ತಾಗುತ್ತದೆಯೋ ಅಲ್ಲಿ, ತಲೆಬುರುಡೆಯ ಒಳಗೆ, ದೃಷ್ಟಿಯ ಕೇಂದ್ರವಿದೆ. ಕಣ್ಣಿಗೆ ಬಿದ್ದ ಬೆಳಕು ನರದ ಮೂಲಕ ಮಿದುಳನ್ನು ಹಾದು ಅಲ್ಲಿಗೆ ತಲುಪಬೇಕು. ಇದು ಅಮ್ಮಿಯ ಮುಖ, ಇದು ಬಟ್ಟಲು, ಇದು ಬಾಗಿಲು ಎಂದು ಅರ್ಥವಾಗುವುದು ಅದರ ನಂತರವೇ.

ಇದು ತಿಳಿದುಬಂದದ್ದು ಯುದ್ಧಗಳಿಂದ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗಲಿ ಬದುಕಿದ ಸೈನಿಕರನ್ನು ಜಪಾನಿನ ಕಣ್ಣಿನ ವೈದ್ಯ ತಾತ್ಸುಜಿ ಇನೊಯೆ ಪರೀಕ್ಷಿಸಿದರು. ಕಣ್ಣಿಗೆ ಏನೂ ಆಗಿರದಿದ್ದರೂ ಆ ಸೈನಿಕರಿಗೆ ನೋಟದ ಒಂದೊಂದು ಭಾಗ ಕಾಣುತ್ತಿರಲಿಲ್ಲ. 1917ರಲ್ಲಿ ಬ್ರಿಟನ್ನಿನ ವೈದ್ಯ ಜಾರ್ಜ್ ರಿಡಾಕ್ ಮತ್ತೊಂದು ಸಂಗತಿ ಬರೆದರು. ಇಂಥ ಕೆಲವು ಗಾಯಾಳುಗಳಿಗೆ ಅಲುಗಾಡದೆ ನಿಂತ ವಸ್ತು ಕಾಣದಿದ್ದರೂ ಅದೇ ವಸ್ತು ಚಲಿಸಿದರೆ ಗೊತ್ತಾಗುತ್ತಿತ್ತು. ನಮ್ಮ ಮಕ್ಕಳಲ್ಲೂ ಇದು ಕಂಡುಬರುತ್ತದೆ. ಎದುರಿಗಿಟ್ಟ ಗಿಲಕಿಯನ್ನು ನೋಡದ ಮಗು ಅದನ್ನು ಮೆಲ್ಲಗೆ ಅಲುಗಿಸಿದರೆ ಕಣ್ಣು ಹೊರಳಿಸುತ್ತದೆ.

ಇನ್ನೊಂದು ಮಾತು. ಮೊಬೈಲಿನ ಟಾರ್ಚ್ ಬಿಟ್ಟರೆ ಮಗು ಕಣ್ಣು ಮಿಟುಕಿಸುತ್ತದೆ, ಕಪ್ಪು ಪಾಪೆ ಕಿರಿದಾಗುತ್ತದೆ, ಅಂದರೆ ಕಾಣುತ್ತದೆ ಎಂದು ಬಹಳ ಮನೆಗಳಲ್ಲಿ ನಂಬುತ್ತಾರೆ. ಇದು ಸರಿಯಲ್ಲ. ಪಾಪೆ ಕಿರಿದಾಗುವ ಕೆಲಸ ಬೇರೆ ದಾರಿಯಲ್ಲಿ ನಡೆಯುತ್ತದೆ. ದೃಷ್ಟಿಕೇಂದ್ರಕ್ಕೆ ಪೆಟ್ಟು ಬಿದ್ದಿದ್ದರೂ ಅದು ಎಂದಿನಂತೆ ಇರುತ್ತದೆ. ಟಾರ್ಚಿನಿಂದ ಏನೂ ತೀರ್ಮಾನವಾಗುವುದಿಲ್ಲ, ಮಗುವಿಗೆ ಹಿಂಸೆಯಾಗುತ್ತದೆ ಅಷ್ಟೆ.

ಪೆಟ್ಟು ಬೀಳುವುದು ಹೇಗೆ?

ಮೊದಲ ಕಾರಣ ಹೆರಿಗೆಯ ಹೊತ್ತಿನಲ್ಲಿ ಉಸಿರುಕಟ್ಟುವುದು. “ಹುಟ್ಟಿದ ಕೂಡಲೇ ಅಳಲಿಲ್ಲ, ನೀಲಿಯಾಗಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು” ಎಂದು ತಾಯಂದಿರು ಹೇಳುವುದು ಇದನ್ನೇ. ಕೆಲವು ನಿಮಿಷ ಆಮ್ಲಜನಕ ಸಿಗದಿದ್ದರೂ ಮಿದುಳಿನ ಸೂಕ್ಷ್ಮ ಭಾಗಗಳು ಬಾಡುತ್ತವೆ. ದೃಷ್ಟಿಯ ಭಾಗ ಅವುಗಳಲ್ಲೊಂದು.

ಎರಡನೆಯದು ರಕ್ತದಲ್ಲಿ ಸಕ್ಕರೆ ತೀರ ಇಳಿಯುವುದು. ಸಕ್ಕರೆ ಅಂದರೆ ದೊಡ್ಡವರಿಗೆ ಹೆಚ್ಚಾಗುವ ಕಾಯಿಲೆಯೇ ನೆನಪಿಗೆ ಬರುತ್ತದೆ. ನವಜಾತ ಶಿಶುವಿಗೆ ಅಪಾಯ ಕಡಿಮೆಯಾಗುವುದರಲ್ಲಿದೆ. ಮಿದುಳಿಗೆ ಆಹಾರವೇ ಸಕ್ಕರೆ. ಅದು ತೀರ ಇಳಿದು ಹಾಗೆಯೇ ಉಳಿದರೆ ಹೆಚ್ಚು ಪೆಟ್ಟು ಬೀಳುವುದು ತಲೆಯ ಹಿಂಭಾಗದ ದೃಷ್ಟಿಕೇಂದ್ರಕ್ಕೆ. ಭಾರತದ ಮಕ್ಕಳಲ್ಲಿ ಈ ದೃಷ್ಟಿದೋಷಕ್ಕೆ ಇದು ಒಂದು ದೊಡ್ಡ ಕಾರಣ ಎಂದು ಇಲ್ಲಿನ ವೈದ್ಯರು ಗುರುತಿಸಿದ್ದಾರೆ.

ಮೂರನೆಯದು ಅವಧಿಗೆ ಮುನ್ನ ಹುಟ್ಟುವುದು. ಏಳು ತಿಂಗಳಿಗೆ, ಎಂಟು ತಿಂಗಳಿಗೆ ಹುಟ್ಟಿದ ಕೂಸಿನ ಮಿದುಳಿನ ಒಳಭಾಗದ ನರತಂತುಗಳು ಬಹಳ ನಾಜೂಕು. ಕಾಲುಗಳಿಗೆ ಹೋಗುವ ತಂತುಗಳೂ ದೃಷ್ಟಿಯ ತಂತುಗಳೂ ಅಲ್ಲಿ ಅಕ್ಕಪಕ್ಕದಲ್ಲೇ ಹಾದುಹೋಗುತ್ತವೆ. ಹಾಗಾಗಿ ಇಂಥ ಮಕ್ಕಳಲ್ಲಿ ಕಾಲು ಬಿಗಿಯಾಗಿರುವುದೂ ಕೆಳಗಿನ ನೋಟ ಕಡಿಮೆಯಿರುವುದೂ ಜೊತೆಯಾಗಿ ಬರಬಹುದು. ಮುಂದೆ ನಡೆಯಲು ಕಲಿತಾಗ ಹೊಸ್ತಿಲು, ಮೆಟ್ಟಿಲು ಕಾಣದೆ ಎಡವುತ್ತಾರೆ. ಬೇಜವಾಬ್ದಾರಿ ಎಂದು ಬೈಸಿಕೊಳ್ಳುತ್ತಾರೆ.

ಇವಲ್ಲದೆ ಮೆದುಳುಜ್ವರ, ಮೊದಲ ದಿನಗಳ ಫಿಟ್ಸ್, ಮಿದುಳಿನಲ್ಲಿ ರಕ್ತಸ್ರಾವ, ತಲೆಯಲ್ಲಿ ನೀರು ತುಂಬುವುದು ಕೂಡ ಕಾರಣವಾಗುತ್ತವೆ. ಕಾಮಾಲೆ ವಿಪರೀತವಾದರೆ ಮಿದುಳಿಗೂ ಕಿವಿಗೂ ಕಣ್ಣಿನ ಚಲನೆಗೂ ತೊಂದರೆ. ಮೊದಲ 24 ಗಂಟೆಯೊಳಗೇ ಹಳದಿ ಕಾಣಿಸಿದರೆ, ಅಥವಾ ಅಂಗೈ ಅಂಗಾಲಿಗೂ ಹಳದಿ ಇಳಿದರೆ ಬೆಳಗಿನ ಬಿಸಿಲಿಗೆ ಹಿಡಿದು ಕೂರದೆ ಆಸ್ಪತ್ರೆಗೆ ಹೋಗಬೇಕು. ಮಿದುಳಿನ ಕೆಲವು ಕಾಯಿಲೆಗಳು ವಂಶದಲ್ಲಿ ಬರುತ್ತವೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದವರಲ್ಲಿ ಅವುಗಳ ಸಾಧ್ಯತೆ ಹೆಚ್ಚು. ಮೊದಲ ಮಗುವಿಗೆ ಕಾರಣ ತಿಳಿಯದ ಇಂಥ ತೊಂದರೆ ಇದ್ದರೆ ಎರಡನೆಯ ಗರ್ಭಕ್ಕೆ ಮೊದಲೇ ವೈದ್ಯರ ಸಲಹೆ ಪಡೆಯುವುದು ಲೇಸು.

ಮೊದಲ ಗಂಟೆಯ ಹಾಲು

ಈ ಕಾರಣಗಳಲ್ಲಿ ಕೆಲವು ನಮ್ಮ ಕೈ ಮೀರಿದವು. ಸಕ್ಕರೆ ಇಳಿಯುವುದು ಹಾಗಲ್ಲ. ಅದನ್ನು ಬಹುಮಟ್ಟಿಗೆ ತಡೆಯಬಹುದು.

ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ತಾಯಿಯ ಹಾಲು ಸಿಗಬೇಕು. ಮೊದಲ ದಿನಗಳ ದಪ್ಪ ಹಳದಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಹಾಲು ಕೆಟ್ಟದ್ದಲ್ಲ, ಮಗುವಿಗೆ ಬೇಕಾದದ್ದೇ ಅದು. ಅಜ್ಜ ಬಂದು ಕಿವಿಯಲ್ಲಿ ಅಝಾನ್ ಹೇಳಲಿ, ಹಿರಿಯರು ಬಂದು ತಹ್ನೀಕ್ ಮಾಡಲಿ, ಆಮೇಲೆ ಹಾಲು ಎಂದು ಗಂಟೆಗಟ್ಟಲೆ ಕಾಯಿಸುವುದು ಸರಿಯಲ್ಲ. ಅಝಾನ್ ಹೇಳಲು ಒಂದೆರಡು ನಿಮಿಷ ಸಾಕು, ಮನೆಯ ಯಾರು ಬೇಕಾದರೂ ಹೇಳಬಹುದು. ತಹ್ನೀಕ್ ಮಾಡುವವರು ಕೈ ತೊಳೆದು ಮೆತ್ತಗಿನ ಖರ್ಜೂರವನ್ನು ತುಸುವೇ ಸೋಕಿಸಬೇಕು, ಬಾಯಲ್ಲಿ ತುಣುಕು ಉಳಿಯಬಾರದು. ಶಿಶು ವಾರ್ಡಿನಲ್ಲಿರುವ ಮಗುವಿಗಾದರೆ ಡಾಕ್ಟರನ್ನು ಕೇಳದೆ ಏನನ್ನೂ ಬಾಯಿಗೆ ಇಡಬಾರದು. ಜೇನು ಒಂದು ವರ್ಷ ತುಂಬುವವರೆಗೆ ಬೇಡ. ಘುಟ್ಟಿ, ಸಕ್ಕರೆ ನೀರು ಬೇಡ. ಇವು ಹಾಲಿನ ಜಾಗವನ್ನು ತುಂಬುವುದಿಲ್ಲ.

ಯಾವ ಕೂಸುಗಳ ಮೇಲೆ ಹೆಚ್ಚು ಗಮನ ಬೇಕು? ಎರಡೂವರೆ ಕಿಲೋಗಿಂತ ಕಡಿಮೆ ತೂಕದವು, ದಿನ ತುಂಬದೆ ಹುಟ್ಟಿದವು, ಸಕ್ಕರೆ ಕಾಯಿಲೆ ಇರುವ ತಾಯಿಯ ಮಕ್ಕಳು, ತೀರ ದಪ್ಪಗೆ ಹುಟ್ಟಿದವು, ಹುಟ್ಟಿದಾಗ ಉಸಿರಿಗೆ ಕಷ್ಟಪಟ್ಟವು. ಇಂಥ ಮಕ್ಕಳ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. 45 ಮಿಲಿಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಶುರುಮಾಡುತ್ತಾರೆ. ಚುಚ್ಚಬೇಡಿ ಎಂದು ಮನೆಯವರು ತಡೆಯಬಾರದು, “ಸಕ್ಕರೆ ನೋಡಿದಿರಾ?” ಎಂದು ತಾವೇ ಕೇಳಬೇಕು. ಮನೆಗೆ ಬಂದ ಮೇಲೆ ಎರಡು ಮೂರು ಗಂಟೆಗೊಮ್ಮೆ ಹಾಲು ಕೊಡಬೇಕು. ಬಹಳ ನಿದ್ದೆ ಮಾಡುವ, ಎಬ್ಬಿಸಿದರೂ ಹಾಲು ಹಿಡಿಯದ ಕೂಸು “ಶಾಂತ ಮಗು” ಅಲ್ಲ. ಮೈ ತಣ್ಣಗಾಗಿ, ಕೈಕಾಲು ಅದುರಿದರೆ ಅದೇ ಗಳಿಗೆಗೆ 108ಕ್ಕೆ ಕರೆ ಮಾಡಬೇಕು. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರ್ ಸುಮಾರು 40 ಕಿ.ಮೀ. ದಾರಿ. ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಬೆಚ್ಚಗೆ ಇಡಬೇಕು.

ಎರಡು ಕಣ್ಣಿನ ತಪಾಸಣೆ, ಎರಡೂ ಬೇಕು

ದಿನ ತುಂಬದೆ ಹುಟ್ಟಿದ ಮಗುವಿಗೆ ಕಣ್ಣಿನ ಅಪಾಯ ಎರಡು. ಒಂದು ಕಣ್ಣಿನ ಒಳಪರದೆಯ ರಕ್ತನಾಳಗಳ ಕಾಯಿಲೆ. ಇದನ್ನು ಆರ್.ಒ.ಪಿ. ಎನ್ನುತ್ತಾರೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ಈ ತಪಾಸಣೆ ಆಗಲೇಬೇಕು. ತೀರ ಚಿಕ್ಕ ಮಕ್ಕಳಿಗೆ ಅದಕ್ಕಿಂತಲೂ ಮೊದಲೇ ಬೇಕು. ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿದರೆ ಕಣ್ಣು ಉಳಿಯುತ್ತದೆ, ತಡವಾದರೆ ಹೋದ ದೃಷ್ಟಿ ಬರುವುದಿಲ್ಲ. ಇದಕ್ಕಾಗಿಯೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಯೋಜನೆ ಆರಂಭವಾಯಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಶಿಶು ವಾರ್ಡುಗಳಿಗೆ ಹೋಗಿ ಕಣ್ಣಿನ ಒಳಪರದೆಯ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ವೈದ್ಯರು ಇಂಟರ್‌ನೆಟ್ಟಿನಲ್ಲಿ ಅದನ್ನು ನೋಡಿ ಹೇಳುತ್ತಾರೆ. ಮುಂದೆ ಇದು ಉತ್ತರ ಕರ್ನಾಟಕಕ್ಕೂ ಬಂತು.

ಈ ತಪಾಸಣೆಯಲ್ಲಿ ಕಣ್ಣು ಪಾಸಾದರೆ ಅರ್ಧ ಕೆಲಸ ಮುಗಿಯಿತು ಅಷ್ಟೆ. ಒಳಪರದೆ ಚೆನ್ನಾಗಿದೆ ಎಂದರೆ ಮಿದುಳು ನೋಡುತ್ತಿದೆ ಎಂದು ಅರ್ಥವಲ್ಲ. ಎರಡನೆಯ ತಪಾಸಣೆ ಮಗು ಹೇಗೆ ನೋಡುತ್ತದೆ ಎಂಬುದರದ್ದು. ಅದು ಮನೆಯಲ್ಲೇ ಶುರುವಾಗುತ್ತದೆ.

ಲಸಿಕೆಯ ದಿನವೇ ನೋಟದ ದಿನ

ಹೊಸ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಷ್ಟು ದೂರ, ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು. ಮುಂದಿನದನ್ನು ನೆನಪಿಡಲು ಒಂದು ಸುಲಭ ದಾರಿಯಿದೆ. ಲಸಿಕೆಗಳು ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಬರುತ್ತವೆ. ಆ ದಿನಗಳಲ್ಲಿ ನೋಟವನ್ನೂ ಪರೀಕ್ಷಿಸಿ.

ಆರು ವಾರಕ್ಕೆ: ಚಿಲ್ಲಾ ಮುಗಿದು ಮಗುವನ್ನು ಹೊರಗೆ ತರುವ ಹೊತ್ತು. ಆಶಾ ಕಾರ್ಯಕರ್ತೆಯ ಒಂದು ಮನೆಭೇಟಿಯೂ 42ನೇ ದಿನಕ್ಕೆ. ಮಗು ಮಾತಾಡಿಸುವವರ ಮುಖದ ಮೇಲೆ ಒಂದೆರಡು ಕ್ಷಣ ಕಣ್ಣು ನಿಲ್ಲಿಸಬೇಕು.

ಹತ್ತು ವಾರಕ್ಕೆ: ಸದ್ದು ಮಾಡದೆ ನಕ್ಕರೂ ಮುಖ ನೋಡಿ ನಗಬೇಕು. ಮಾತಾಡುತ್ತ ಪರೀಕ್ಷಿಸಿದರೆ ಮಗು ದನಿಗೆ ನಗುತ್ತಿದೆಯೋ ಮುಖಕ್ಕೆ ನಗುತ್ತಿದೆಯೋ ತಿಳಿಯುವುದಿಲ್ಲ. ಹಾಗಾಗಿ ಬಳೆ, ಗೆಜ್ಜೆಯ ಸದ್ದೂ ಇಲ್ಲದಿರಲಿ.

ಹದಿನಾಲ್ಕು ವಾರಕ್ಕೆ: ಸದ್ದಿಲ್ಲದ ಕೆಂಪು ವಸ್ತುವನ್ನು ಮುಖದ ಮುಂದೆ ಈ ಕಡೆಯಿಂದ ಆ ಕಡೆಗೆ ಸರಿಸಿದರೆ ಕಣ್ಣು ಹಿಂಬಾಲಿಸಬೇಕು. ತನ್ನ ಕೈಯನ್ನು ತಾನೇ ನೋಡಿಕೊಳ್ಳಲು ಶುರುಮಾಡಿರಬೇಕು.

ದಿನ ತುಂಬದೆ ಹುಟ್ಟಿದ ಮಗುವಿನ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ದಿನಾಂಕದಿಂದ ಹಿಡಿಯಬೇಕು. ಆರೋಗ್ಯವಂತ ಮಕ್ಕಳಲ್ಲೂ ಕೆಲವರ ನೋಟ ಸ್ವಲ್ಪ ತಡವಾಗಿ ಬರುತ್ತದೆ. ಆದರೆ ಹೆರಿಗೆ ಕಷ್ಟವಾಗಿದ್ದ, ಶಿಶು ವಾರ್ಡಿನಲ್ಲಿದ್ದ, ಫಿಟ್ಸ್ ಬಂದಿದ್ದ ಮಗುವಿಗೆ “ತಡ” ಎಂಬ ಮಾತು ಹೇಳಿಕೊಂಡು ಕೂರಬಾರದು. ಮೂರು ತಿಂಗಳಿಗೂ ಮುಖ ನೋಡದಿದ್ದರೆ ಡಾಕ್ಟರ ಬಳಿ ಹೋಗಬೇಕು.

ಮಿದುಳು ಮೂಲದ ದೃಷ್ಟಿದೋಷದ ಮಕ್ಕಳಲ್ಲಿ ಇನ್ನೂ ಕೆಲವು ಗುರುತುಗಳು ಕಾಣುತ್ತವೆ:

- ಬಲ್ಬು, ಕಿಟಕಿ, ತಿರುಗುವ ಫ್ಯಾನ್ ಕಡೆಗೇ ದಿಟ್ಟಿಸುವುದು, ಅಥವಾ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು.
- ಒಂದು ದಿನ ನೋಡಿದಂತೆ, ಮರುದಿನ ನೋಡದಂತೆ ಇರುವುದು. ದಣಿವು, ಹಸಿವು, ಗದ್ದಲ ಇದ್ದಾಗ ನೋಟ ಇನ್ನೂ ಕಡಿಮೆಯಾಗುವುದು.
- ವಸ್ತುವನ್ನು ತೋರಿಸಿದ ಎಷ್ಟೋ ಹೊತ್ತಿನ ಮೇಲೆ ಕಣ್ಣು ಹೊರಳಿಸುವುದು.
- ಕೈ ಚಾಚುವಾಗ ಮುಖವನ್ನು ಬೇರೆ ಕಡೆ ತಿರುಗಿಸುವುದು.
- ಕೆಂಪು, ಹಳದಿಯಂಥ ಒಂದು ಬಣ್ಣವನ್ನು ಮಾತ್ರ ಗುರುತಿಸುವುದು.
- ಮೆಳ್ಳೆಗಣ್ಣು, ಅಥವಾ ಕಣ್ಣುಗುಡ್ಡೆ ನಿಲ್ಲದೆ ಅಲುಗಾಡುವುದು.

ಮಗು ಒಮ್ಮೆ ನೋಡಿ ಒಮ್ಮೆ ನೋಡದಿದ್ದಾಗ “ಹಟ ಮಾಡುತ್ತದೆ” ಎಂದುಕೊಳ್ಳುತ್ತೇವೆ. ಮೂರು ತಿಂಗಳ ಕೂಸಿಗೆ ಹಟ ಗೊತ್ತಿಲ್ಲ. ನೋಡುವುದು ಅದಕ್ಕೆ ದಣಿವಿನ ಕೆಲಸವಾಗಿದೆ.

ಬೆಚ್ಚಿಬೀಳುವುದನ್ನು ಕಡೆಗಣಿಸಬೇಡಿ

ಮೂರರಿಂದ ಎಂಟು ತಿಂಗಳ ನಡುವೆ ಕೆಲವು ಮಕ್ಕಳಲ್ಲಿ ಒಂದು ಬಗೆಯ ಫಿಟ್ಸ್ ಶುರುವಾಗುತ್ತದೆ. ನಿದ್ದೆಯಿಂದ ಎದ್ದ ಕೂಡಲೇ ತಲೆ ಬಾಗಿಸಿ, ಎರಡೂ ಕೈ ಚಾಚಿ ಬೆಚ್ಚಿದಂತೆ ಮಾಡುತ್ತದೆ. ಕೆಲವು ಕ್ಷಣ ಬಿಟ್ಟು ಮತ್ತೆ ಹಾಗೆಯೇ, ಒಂದರ ಹಿಂದೆ ಒಂದು. ಹೊಟ್ಟೆನೋವು ಎಂದು, ಹೆದರಿಕೆ ಎಂದು ಮನೆಯಲ್ಲಿ ತಿಳಿಯುತ್ತಾರೆ, ತಾವೀಝ್ ಕಟ್ಟುತ್ತಾರೆ. ಅಷ್ಟರಲ್ಲಿ ನಗುತ್ತಿದ್ದ ಮಗು ನಗುವುದನ್ನು ಬಿಡುತ್ತದೆ, ನೋಡುತ್ತಿದ್ದುದು ನೋಡುವುದನ್ನು ಬಿಡುತ್ತದೆ. ಹೆರಿಗೆಯಲ್ಲಿ ಉಸಿರುಕಟ್ಟಿದ, ಸಕ್ಕರೆ ಇಳಿದಿದ್ದ ಮಕ್ಕಳಲ್ಲಿ ಇದು ಹೆಚ್ಚು. ಇದಕ್ಕೆ ಔಷಧವಿದೆ, ಆದರೆ ದಿನ ಕಳೆದಷ್ಟೂ ಮಿದುಳಿಗೆ ನಷ್ಟ. ಹಾಗೆ ಬೆಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ, ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತಿನಲ್ಲಿ ವಿವರಿಸುವುದಕ್ಕಿಂತ ಆ ಅರ್ಧ ನಿಮಿಷದ ವಿಡಿಯೊ ಅವರಿಗೆ ಹೆಚ್ಚು ನೆರವಾಗುತ್ತದೆ.

ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ. ದುಆ ಮಾಡುತ್ತಲೇ ಗಾಡಿ ಹತ್ತಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಕಾಗದಪತ್ರ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ರೂಢಿ. ಔರಾದಿನ ಸೊಸೆಯ ತವರು ಉದಗೀರ್ ಇರಬಹುದು, ಬೀದರಿನವಳದು ಜಹೀರಾಬಾದ್ ಇರಬಹುದು. ತಾಯಿ ಮಗುವಿನೊಂದಿಗೆ ಅತ್ತೆಮನೆಗೆ ಬರುವಾಗ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತವರಿನ ಕಪಾಟಿನಲ್ಲೇ ಉಳಿದುಬಿಡುತ್ತದೆ. ಮಗು ಹುಟ್ಟಿದಾಗ ಅತ್ತಿತೇ, ತೂಕ ಎಷ್ಟು, ಸಕ್ಕರೆ ಎಷ್ಟಿತ್ತು, ಫಿಟ್ಸ್ ಬಂದಿತ್ತೇ ಎಂಬುದೆಲ್ಲ ಅದರಲ್ಲಿರುತ್ತದೆ. ತಾಯಿ ಕಾರ್ಡಿನ ಜೊತೆ ಅದನ್ನೂ ಜೋಪಾನವಾಗಿ ಇಡಿ. ಅದರ ಫೋಟೊ ಇಬ್ಬರ ಫೋನಿನಲ್ಲಿರಲಿ.

ಭಾಲ್ಕಿ, ಔರಾದ್ ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ ಶಿಫಾರಸು ಪತ್ರ ಪಡೆಯಿರಿ. ಬೀದರಿನಲ್ಲಿ ಬ್ರಿಮ್ಸ್ ಬೋಧಕ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಕಣ್ಣಿನ ವಿಭಾಗ ಎರಡೂ ಇವೆ. ಎರಡೂ ಕಡೆ ತೋರಿಸಬೇಕು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧ, ವಾಹನ ಉಚಿತ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ದೃಷ್ಟಿದೋಷ, ಬೆಳವಣಿಗೆಯ ಕುಂಠಿತ ಎರಡೂ ಸೇರಿವೆ. ಅದರ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ಮನೆಯಲ್ಲಿ ಬಚ್ಚಿಡದೆ ತೋರಿಸಿ.

ಹೆಚ್ಚಿನ ಪರೀಕ್ಷೆಗೆ ಬೀದರ್ ಜಿಲ್ಲೆಯವರಿಗೆ ಹತ್ತಿರವಾದದ್ದು ಹೈದರಾಬಾದ್, ಬೀದರಿನಿಂದ ಸುಮಾರು 140 ಕಿ.ಮೀ. ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಮಕ್ಕಳ ಕಣ್ಣಿನ ವಿಭಾಗವೂ ದೃಷ್ಟಿ ಪುನರ್ವಸತಿ ವಿಭಾಗವೂ ಇವೆ. ಪಟ್ಟೆ ಬಳಿದ ಕಾರ್ಡುಗಳನ್ನು ತೋರಿಸಿ ಮಾತು ಬಾರದ ಮಗುವಿನ ದೃಷ್ಟಿಯನ್ನೂ ಅಳೆಯುತ್ತಾರೆ. ಅಗತ್ಯವಿದ್ದರೆ ಮಿದುಳಿನ ಎಂ.ಆರ್.ಐ. ಮತ್ತು ಇ.ಇ.ಜಿ. ಹೇಳುತ್ತಾರೆ. ಕನ್ನಡಕದ ಪರೀಕ್ಷೆಯನ್ನೂ ಮರೆಯಬಾರದು. ತೊಂದರೆ ಮಿದುಳಿನದ್ದಾದರೂ ಇಂಥ ಮಕ್ಕಳಲ್ಲಿ ಅನೇಕರಿಗೆ ನಂಬರೂ ಇರುತ್ತದೆ, ಹತ್ತಿರದ್ದನ್ನು ನೋಡಲು ಕಷ್ಟವಾಗುತ್ತದೆ. ಆರು ತಿಂಗಳ ಮಗುವಿಗೂ ಕನ್ನಡಕ ಹಾಕಬಹುದು.

ಮನೆಯೇ ಮೊದಲ ಮದರಸಾ

ಈ ತೊಂದರೆಗೆ ಆಪರೇಷನ್ ಇಲ್ಲ, ಟಾನಿಕ್ ಇಲ್ಲ. ಇರುವುದು ಅಭ್ಯಾಸ. ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮೊದಲ ವಾರಗಳಲ್ಲಿ ಒಂದು ಕಣ್ಣು ಮುಚ್ಚಿಟ್ಟರೆ ಆಮೇಲೆ ತೆರೆದರೂ ಮಿದುಳು ಆ ಕಣ್ಣಿನಿಂದ ನೋಡಲು ಕಲಿಯುವುದಿಲ್ಲ ಎಂದು ತಿಳಿದುಬಂತು. ಇಬ್ಬರೂ 1981ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಮಿದುಳು ನೋಡುವುದನ್ನು ಎಳೆಯ ವಯಸ್ಸಿನಲ್ಲೇ ಕಲಿಯುತ್ತದೆ. ಪೆಟ್ಟು ಬಿದ್ದ ಮಿದುಳಿನಲ್ಲೂ ಉಳಿದ ಭಾಗಗಳು ಕಲಿಯಬಲ್ಲವು. ಆದ್ದರಿಂದಲೇ ಮೊದಲ ಎರಡು ಮೂರು ವರ್ಷಕ್ಕೆ ಇಷ್ಟು ಬೆಲೆ.

ಏನು ಮಾಡಬೇಕು ಎಂಬುದಕ್ಕೆ ನಮ್ಮ ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಕಪ್ಪು ಲೋಹದ ಮೇಲೆ ಬೆಳ್ಳಿಯ ಗೆರೆ ಹೊಳೆದು ಕಾಣುತ್ತದೆ. ಅದೇ ಗೆರೆ ಬಿಳಿ ತಟ್ಟೆಯ ಮೇಲಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮಗುವಿಗೂ ಹೀಗೆ ಹಿನ್ನೆಲೆಗಿಂತ ಎದ್ದು ಕಾಣುವ ವಸ್ತು ಬೇಕು. ಆದರೆ ಬಿದ್ರಿ ಹೂದಾನಿಯ ತುಂಬ ಇರುವ ಹೂಬಳ್ಳಿ ಅದಕ್ಕೆ ಬೇಡ. ಒಂದೇ ವಸ್ತು, ಒಂದೇ ಬಣ್ಣ ಸಾಕು.

- ಹಿನ್ನೆಲೆ ಸಾದಾ ಇರಲಿ. ಅಮ್ಮಿಯ ಕಪ್ಪು ಬುರ್ಖಾವನ್ನೇ ಮಡಿಲ ಮೇಲೆ ಹರಡಿ, ಅದರ ಮೇಲೆ ಹಳದಿ ಬಟ್ಟಲನ್ನೋ ಕೆಂಪು ಚೆಂಡನ್ನೋ ತೋರಿಸಿ. ಹೂವಿನ ಚಾದರ, ಬಣ್ಣಬಣ್ಣದ ದುಪಟ್ಟಾ ಇದ್ದರೆ ವಸ್ತು ಅದರಲ್ಲೇ ಕಳೆದುಹೋಗುತ್ತದೆ.
- ಒಂದು ಗೇಣಿನಿಂದ ಒಂದೂವರೆ ಗೇಣು ದೂರದಲ್ಲಿ ಹಿಡಿದು, ಮೆಲ್ಲಗೆ ಅಲುಗಿಸಿ. ಮಗು ಯಾವ ಬದಿಯಲ್ಲಿ ಚೆನ್ನಾಗಿ ನೋಡುತ್ತದೆಯೋ ಆ ಬದಿಯಿಂದ ಶುರುಮಾಡಿ.
- ಕಾಯಿರಿ. ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ಕಣ್ಣು ಹೊರಳಿಸುವ ಮೊದಲೇ ವಸ್ತುವನ್ನು ತೆಗೆದುಬಿಟ್ಟರೆ ಅಷ್ಟು ಹೊತ್ತಿನ ಪ್ರಯತ್ನ ವ್ಯರ್ಥ.
- ನೋಡುವ ಹೊತ್ತಿನಲ್ಲಿ ಸದ್ದು ಬೇಡ. ಟಿವಿ ಬಂದ್ ಇರಲಿ. ಮಗು ನೋಡಿದ ಮೇಲೆ ಮಾತಾಡಿಸಿ, ಮುಟ್ಟಿಸಿ. ನೋಡುವುದು, ಕೇಳುವುದು, ಮುಟ್ಟುವುದು ಒಂದರ ನಂತರ ಒಂದು ಬರಲಿ.
- ಬೆಳಕು ಮಗುವಿನ ಬೆನ್ನ ಹಿಂದಿನಿಂದ ವಸ್ತುವಿನ ಮೇಲೆ ಬೀಳಲಿ, ಕಣ್ಣಿಗೆ ನೇರವಾಗಿ ಬೇಡ.
- ತಲೆಗೂ ಬೆನ್ನಿಗೂ ಆಸರೆ ಇರಲಿ. ಕತ್ತು ನಿಲ್ಲಿಸಲು ಒದ್ದಾಡುವ ಮಗುವಿಗೆ ನೋಡಲು ಶಕ್ತಿ ಉಳಿಯುವುದಿಲ್ಲ.
- ನಿತ್ಯ ಅದೇ ಕೆಂಪು ಬಟ್ಟಲು, ಅದೇ ಹಳದಿ ಟವೆಲು ಬಳಸಿ. ಕಂಡ ವಸ್ತುವನ್ನೇ ಮತ್ತೆ ಮತ್ತೆ ಕಂಡಾಗ ಮಿದುಳು ಗುರುತು ಹಿಡಿಯುತ್ತದೆ.
- ಎತ್ತಿಕೊಳ್ಳುವ ಮೊದಲು ಹೆಸರು ಹೇಳಿ ಕರೆಯಿರಿ, “ಅಮ್ಮಿ ಬಂದಳು” ಎನ್ನಿ. ಕಾಣದ ಕೈ ಹಠಾತ್ತನೆ ಎತ್ತಿದರೆ ಮಗು ಗಾಬರಿಯಾಗುತ್ತದೆ.

ಇದಕ್ಕೆ ಬೇರೆ ಸಮಯ ಬೇಡ. ಹಾಲುಣಿಸುವಾಗ, ಸ್ನಾನದ ನಂತರ, ಬಟ್ಟೆ ಬದಲಿಸುವಾಗ ಐದೈದು ನಿಮಿಷ ಸಾಕು. ಹೊಟ್ಟೆ ತುಂಬಿ ನಿದ್ದೆಯಾಗಿ ಮಗು ಎಚ್ಚರವಾಗಿರುವ ಹೊತ್ತನ್ನು ಆರಿಸಿ. ಮುಖ ತಿರುಗಿಸಿದರೆ, ಆಕಳಿಸಿದರೆ ನಿಲ್ಲಿಸಿ. ಈ ಕೆಲಸ ತಾಯಿಯೊಬ್ಬಳದ್ದಲ್ಲ. ಅಬ್ಬಾ, ದಾದಿ, ಅಕ್ಕ ಎಲ್ಲರೂ ಒಂದೇ ರೀತಿ ಕಲಿತು ಮಾಡಬೇಕು. ಹೆತ್ತವಳನ್ನು ದೂರುವ ಮಾತು ಮನೆಯಲ್ಲಿ ಬರಬಾರದು. ಮಗು ಮುಖ ನೋಡದಿದ್ದರೂ ಅಮ್ಮಿಯ ದನಿ, ವಾಸನೆ, ಸ್ಪರ್ಶವನ್ನು ಗುರುತಿಸುತ್ತದೆ ಎಂಬುದನ್ನು ಅವಳಿಗೆ ಮತ್ತೆ ಮತ್ತೆ ಹೇಳಬೇಕು.

ಇವನ್ನು ಮಾಡಬೇಡಿ

ಕಣ್ಣಿಗೆ ಸುರ್ಮಾ ಬೇಡ. ಪೇಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಸೀಸ ಕಂಡುಬಂದಿದೆ. ಸೀಸ ಎಳೆಯ ಮಿದುಳಿಗೆ ವಿಷ, ಅದರಲ್ಲೂ ಈಗಾಗಲೇ ಪೆಟ್ಟು ತಿಂದ ಮಿದುಳಿಗೆ. ಕಣ್ಣಿಗೆ ಎದೆಹಾಲು, ಗುಲಾಬಿ ನೀರು, ಜೇನು ಹಾಕಬೇಡಿ. ಸೂರ್ಯನನ್ನು ನೋಡಿಸಬೇಡಿ. ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಮಿದುಳು ಸರಿಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಚಿಕಿತ್ಸೆಯೆಂದು ಮಾರಲು ಒಪ್ಪಿಗೆ ಸಿಕ್ಕಿಲ್ಲ. ಅದಕ್ಕಾಗಿ ಒಡವೆ ಅಡವಿಡಬೇಡಿ, ಹೊಲ ಮಾರಬೇಡಿ. ಮಗು ಬೆಳಕನ್ನು ದಿಟ್ಟಿಸುತ್ತದೆ ಎಂದು ಗಂಟೆಗಟ್ಟಲೆ ಮೊಬೈಲ್ ಕೈಗೆ ಕೊಡಬೇಡಿ. ಫಿಟ್ಸ್ ಮಾತ್ರೆಯನ್ನು ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ.

ಮುಂದೇನು?

ಈ ಮಕ್ಕಳಲ್ಲಿ ಬಹಳ ಮಂದಿಯ ನೋಟ ತಿಂಗಳು, ವರ್ಷಗಳಲ್ಲಿ ಸುಧಾರಿಸುತ್ತದೆ. ಪೂರ್ತಿ ಸರಿಹೋಗುವುದು ಅಪರೂಪ. ಎಷ್ಟು ಸುಧಾರಿಸೀತು ಎಂಬುದು ಪೆಟ್ಟು ಎಷ್ಟು ಬಿದ್ದಿದೆ, ಫಿಟ್ಸ್ ಹತೋಟಿಯಲ್ಲಿದೆಯೇ, ಅಭ್ಯಾಸ ಯಾವಾಗ ಶುರುವಾಯಿತು ಎಂಬುದನ್ನು ಅವಲಂಬಿಸಿದೆ. ಮುಖ ನೋಡದಿದ್ದ ಮಗು ಮುಂದೆ ಕೆಂಪು ಬಟ್ಟಲಿಗೆ ಕೈ ಚಾಚುವುದು, ಮನೆಯೊಳಗೆ ತಾನೇ ಓಡಾಡುವುದು ಅಸಾಧ್ಯವಲ್ಲ. ನೋಟ ಬರದ ಮಕ್ಕಳೂ ಕಿವಿ ಮತ್ತು ಸ್ಪರ್ಶದಿಂದ ಕಲಿಯುತ್ತಾರೆ.

ಹಕ್ಕುಗಳೂ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಅಂಧತ್ವ, ಮಂದದೃಷ್ಟಿ, ಮಿದುಳಿನ ಪಾರ್ಶ್ವವಾಯು ಅದರಲ್ಲಿವೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಮಿದುಳಿನ ಪಾರ್ಶ್ವವಾಯು ಅಥವಾ ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ.

ಪ್ರವಾದಿಯವರ ಮದೀನದ ಮಸೀದಿಯಲ್ಲಿ ಬಿಲಾಲರ ಜೊತೆ ಅಝಾನ್ ಕೊಡುತ್ತಿದ್ದ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್ ಕಣ್ಣು ಕಾಣದವರು. ಪ್ರವಾದಿಯವರು ಊರಿನಲ್ಲಿ ಇಲ್ಲದಾಗ ಮದೀನದ ಹೊಣೆಯನ್ನು ಅವರಿಗೆ ಒಪ್ಪಿಸಿದ್ದುಂಟು. ಕಾಣದ ಮಗುವನ್ನು ಒಳಕೋಣೆಯಲ್ಲಿ ಇಟ್ಟು, ಮದುವೆ ಮುಂಜಿಗೆ ಕರೆತರದೆ ಬಚ್ಚಿಡುವವರು ಇದನ್ನು ನೆನೆಯಬೇಕು.

ನಿಮ್ಮ ಮನೆಯಲ್ಲೋ ಮೊಹಲ್ಲಾದಲ್ಲೋ ಕಷ್ಟದ ಹೆರಿಗೆಯಲ್ಲಿ ಹುಟ್ಟಿದ ಕೂಸು ಇದ್ದರೆ, ಮುಂದಿನ ಲಸಿಕೆಯ ದಿನ ನರ್ಸ್ ಸಹೋದರಿಯ ಮುಂದೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿ: “ನಮ್ಮ ಮಗು ಮುಖ ನೋಡುತ್ತಿದೆಯೇ, ಸ್ವಲ್ಪ ನೋಡಿ ಹೇಳಿ.”